ಕಾಲಡಿಯ ಕಲ್ಲು ಕರಗುವುದು ಹೇಗೆ? ಓದುಗರ ಪ್ರಶ್ನೆ, ಭೂವಿಜ್ಞಾನಿಗಳ ಉತ್ತರ

ಶಿಲಾಪಾಕದ ಬಗ್ಗೆ, ಅಂದರೆ ಮ್ಯಾಗ್ಮಾದ ಬಗ್ಗೆ, ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಉತ್ತರಗಳು. ಒಂದೇ ವಿಷಯದ ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆ ಮಾಡಿದ್ದೇವೆ.

ನಮ್ಮ ಕಡೆ ಬೋರ್ ಸಾವಿರ ಅಡಿ ದಾಟಿದೆ. ಹೀಗೇ ಕೊರೆಸುತ್ತಾ ಹೋದರೆ ಲಾವಾ ಸಿಗುತ್ತೆ ಅಂತ ಹುಡುಗರು ಹೇಳ್ತಾರೆ. ಭೂಮಿ ಒಳಗೆ ಪೂರಾ ಕರಗಿದ ಕಲ್ಲೇ ಇದೆಯಾ ಸಾರ್?
— ರೈತರು, ಜಗಳೂರು

ಇಲ್ಲ. ಈ ಅಂಕಣಕ್ಕೆ ಬರುವ ತಪ್ಪು ತಿಳಿವಳಿಕೆಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿರುವುದು ಇದೇ. ಸಾವಿರ ಅಡಿ ಎಂದರೆ 305 ಮೀಟರ್. ಕೋಲಾರದ ಚಿನ್ನದ ಗಣಿ ಸುಮಾರು 3.2 ಕಿ.ಮೀ. ಆಳಕ್ಕೆ ಇಳಿದಿತ್ತು, ಅಲ್ಲಿನ ಬಂಡೆಯ ಬಿಸಿ ಸುಮಾರು 65 ಡಿಗ್ರಿ ಸೆಲ್ಸಿಯಸ್ ಇತ್ತು. ಮೇಲ್ಮೈಯ 25 ಡಿಗ್ರಿ ಕಳೆದು ಲೆಕ್ಕ ಹಾಕಿದರೆ ಒಂದು ಕಿ.ಮೀ.ಗೆ ಏರಿದ್ದು 12–13 ಡಿಗ್ರಿಯಷ್ಟೇ. ಈ ಲೆಕ್ಕದಲ್ಲಿ ನಿಮ್ಮ ಬೋರಿನ ತಳ ಮೇಲಿಗಿಂತ ನಾಲ್ಕು ಡಿಗ್ರಿ ಬೆಚ್ಚಗಿರಬಹುದು. ಭೂಮಿಯ ಹೊರಚಿಪ್ಪಿನ ಕೆಳಗಿರುವ ಮ್ಯಾಂಟಲ್ ಎಂಬ ಪದರದ ಕಲ್ಲು ಒಣಗಿದ್ದಾಗ, ಒತ್ತಡವೇ ಇಲ್ಲದಿದ್ದರೂ, ಕರಗತೊಡಗಲು 1,100 ಡಿಗ್ರಿ ದಾಟಬೇಕು.

ನಮ್ಮ ಭಾಗದಲ್ಲಿ ಭೂಚಿಪ್ಪಿನ ದಪ್ಪ ಸುಮಾರು 35ರಿಂದ 50 ಕಿ.ಮೀ. ಅದರ ಕೆಳಗೆ 2,900 ಕಿ.ಮೀ. ಆಳದವರೆಗೆ ಮ್ಯಾಂಟಲ್. ಅದೂ ಗಟ್ಟಿ ಕಲ್ಲೇ. ಭೂಕಂಪದ ಎಸ್ ಅಲೆಗಳು ದ್ರವದಲ್ಲಿ ಸಾಗುವುದಿಲ್ಲ, ಮ್ಯಾಂಟಲ್‌ನಲ್ಲಿ ಸರಾಗವಾಗಿ ಸಾಗುತ್ತವೆ. ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ಇನ್ನೂ ಕೆಳಗೆ, 2,900ರಿಂದ 5,150 ಕಿ.ಮೀ. ನಡುವೆ ದ್ರವವಿದೆ ನಿಜ, ಆದರೆ ಅದು ಕಬ್ಬಿಣ. ಜ್ವಾಲಾಮುಖಿಗಳಿಗೂ ಅದಕ್ಕೂ ಸಂಬಂಧವಿಲ್ಲ. ಭೂಮಿಯೊಳಗೆ ಕಲ್ಲು ಕರಗುವುದು ಅಪರೂಪ. ಅದು ಕೆಲವೇ ಜಾಗಗಳಲ್ಲಿ, ನಿರ್ದಿಷ್ಟ ಕಾರಣವಿದ್ದಾಗ ಮಾತ್ರ ನಡೆಯುತ್ತದೆ.

ಒಂದು ಭೂಫಲಕ ಇನ್ನೊಂದರ ಅಡಿಗೆ ನುಗ್ಗಿದಾಗ ಘರ್ಷಣೆಯ ಶಾಖಕ್ಕೆ ಕರಗಿ ಮ್ಯಾಗ್ಮಾ ಆಗುತ್ತದೆ ಎಂದು ಗೈಡಿನಲ್ಲಿ ಓದಿದೆ. ಹಾಗಿದ್ದರೆ ಸಮುದ್ರದ ನಡುವೆ ಫಲಕಗಳು ದೂರ ಸರಿಯುವ ಕಡೆ ಮ್ಯಾಗ್ಮಾ ಎಲ್ಲಿಂದ ಬರುತ್ತದೆ? ಅಲ್ಲಿ ಘರ್ಷಣೆಯೇ ಇಲ್ಲವಲ್ಲ?
— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಹಿರಿಯೂರು

ಬಹಳ ಒಳ್ಳೆಯ ಪ್ರಶ್ನೆ ಕೇಳಿದ್ದೀಯಮ್ಮ. ಗೈಡಿನ ವಿವರಣೆ ತಪ್ಪು. ನೀನು ಅದರ ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದೀಯ.

ಕಲ್ಲಿನ ಕರಗುವ ತಾಪ ಎಲ್ಲ ಕಡೆ ಒಂದೇ ಅಲ್ಲ. ಒತ್ತಡ ಏರಿದರೆ ಅದೂ ಏರುತ್ತದೆ, ನೀರು ಸೇರಿದರೆ ಇಳಿಯುತ್ತದೆ. ಈ ಎರಡು ಮಾತು ತಲೆಯಲ್ಲಿದ್ದರೆ ಉಳಿದದ್ದನ್ನೆಲ್ಲ ನೀನೇ ಕಟ್ಟಿಕೊಳ್ಳಬಹುದು. ಪೆರಿಡೋಟೈಟ್ ಎಂಬ ಮ್ಯಾಂಟಲ್ ಕಲ್ಲನ್ನು ತೆಗೆದುಕೊ. 100 ಕಿ.ಮೀ. ಆಳದಲ್ಲಿ ಅದರ ಬಿಸಿ ಸುಮಾರು 1,390 ಡಿಗ್ರಿ. ಆ ಆಳದ ಒತ್ತಡದಲ್ಲಿ ಅದು ಕರಗಲು ಬೇಕಾದದ್ದು ಸುಮಾರು 1,470 ಡಿಗ್ರಿ. ಎಂಬತ್ತು ಡಿಗ್ರಿ ಕೊರತೆ ಇರುವುದರಿಂದ ಕಲ್ಲು ಕಲ್ಲಾಗಿಯೇ ಉಳಿಯುತ್ತದೆ. ಮೇಲೆ ಫಲಕಗಳು ಸರಿದು ಜಾಗ ಬಿಟ್ಟುಕೊಟ್ಟಾಗ ಈ ಕಲ್ಲು, ಗಟ್ಟಿಯಾಗಿದ್ದುಕೊಂಡೇ, ವರ್ಷಕ್ಕೆ ಕೆಲವು ಸೆಂಟಿಮೀಟರ್ ವೇಗದಲ್ಲಿ ಮೇಲೇರುತ್ತದೆ. ಏರುವಾಗ ಅದು ತಣಿಯುವುದು ಕಿ.ಮೀ.ಗೆ ಅರ್ಧ ಡಿಗ್ರಿಗೂ ಕಡಿಮೆ. ಅದರ ಕರಗುವ ತಾಪ ಇಳಿಯುವುದು ಕಿ.ಮೀ.ಗೆ ಮೂರು–ನಾಲ್ಕು ಡಿಗ್ರಿ. ಸುಮಾರು 70 ಕಿ.ಮೀ. ಆಳಕ್ಕೆ ಬರುವಷ್ಟರಲ್ಲಿ ಎರಡೂ ಅಂಕಿ 1,380ರ ಹತ್ತಿರ ಸಂಧಿಸುತ್ತವೆ. ಅಲ್ಲಿ ಮೊದಲ ಹನಿ ಕರಗುತ್ತದೆ. ಅಲ್ಲಿಂದಾಚೆಗೆ ಮೂರು ಕಿ.ಮೀ. ಏರಿದಂತೆಲ್ಲ ಹೆಚ್ಚುಕಡಿಮೆ ಶೇ. 1ರಷ್ಟು ಕಲ್ಲು ದ್ರವವಾಗುತ್ತ ಹೋಗುತ್ತದೆ. ಯಾರೂ ಒಲೆ ಉರಿಸಲಿಲ್ಲ, ಒಂದು ಡಿಗ್ರಿ ಶಾಖವೂ ಹೊರಗಿನಿಂದ ಬರಲಿಲ್ಲ. ಒತ್ತಡ ಇಳಿದದ್ದೇ ಕಾರಣ. ಅರಬ್ಬಿ ಸಮುದ್ರದ ಕಾರ್ಲ್ಸ್‌ಬರ್ಗ್ ದಿಬ್ಬದಲ್ಲಿ ಈ ಹೊತ್ತಿಗೂ ನಡೆಯುತ್ತಿರುವುದು ಇದೇ. ಸಾಗರತಳದ 6–7 ಕಿ.ಮೀ. ದಪ್ಪದ, ಬಸಾಲ್ಟ್ ಎಂಬ ಕರಿ ಕಲ್ಲಿನ ಚಿಪ್ಪು ಹುಟ್ಟುವುದು ಹೀಗೆ.

ಇನ್ನು ಒಳನುಗ್ಗುವ ಫಲಕ. ಅದು ಕೋಟ್ಯಂತರ ವರ್ಷ ಸಮುದ್ರದಡಿ ತಣಿದ ಕಲ್ಲು, ಸುತ್ತಲಿನ ಮ್ಯಾಂಟಲ್‌ಗಿಂತ ನೂರಾರು ಡಿಗ್ರಿ ತಣ್ಣಗಿರುತ್ತದೆ. ಸಾಮಾನ್ಯವಾಗಿ ಅದು ಕರಗುವುದಿಲ್ಲ. ಆದರೆ ಅದರೊಳಗೆ ನೀರಿದೆ. ಕೊಳದಂತೆ ನಿಂತ ನೀರಲ್ಲ, ಸರ್ಪೆಂಟೈನ್, ಆಂಫಿಬೋಲ್‌ನಂಥ ಖನಿಜಗಳ ರಚನೆಯಲ್ಲೇ ಕಟ್ಟಿಕೊಂಡ ನೀರು. ಆಳಕ್ಕೆ ಇಳಿದಂತೆ ಒತ್ತಡ, ಬಿಸಿ ತಾಳಲಾರದೆ ಆ ಖನಿಜಗಳು ಒಡೆಯುತ್ತವೆ, ನೀರು ಬಿಡುಗಡೆಯಾಗಿ ಮೇಲಿನ ಬಿಸಿ ಮ್ಯಾಂಟಲ್‌ಗೆ ಹೋಗುತ್ತದೆ. ಅಲ್ಲಿ ಕರಗುವ ತಾಪ ನೂರಾರು ಡಿಗ್ರಿ ಕುಸಿಯುತ್ತದೆ. ಕರಗುವುದು ಮೇಲಿನ ಮ್ಯಾಂಟಲ್, ಕೆಳಗಿನ ಫಲಕವಲ್ಲ. ಜ್ವಾಲಾಮುಖಿಗಳ ಸಾಲಿನ ಅಡಿಯಲ್ಲಿ ಇಳಿಯುವ ಫಲಕ ಸಾಮಾನ್ಯವಾಗಿ 100 ಕಿ.ಮೀ. ಆಸುಪಾಸಿನ ಆಳದಲ್ಲಿರುತ್ತದೆ. ಅಂಡಮಾನಿನ ಬ್ಯಾರನ್ ದ್ವೀಪ ಈ ಬಗೆಯದು. ನಮ್ಮ ದೇಶದ ಏಕೈಕ ಸಕ್ರಿಯ ಜ್ವಾಲಾಮುಖಿ ಅದು, ದೀರ್ಘ ಮೌನದ ನಂತರ 1991ರಲ್ಲಿ ಮತ್ತೆ ಎದ್ದಿತು.

ಹೊರಗಿನಿಂದ ಶಾಖ ಬಂದು ಕರಗುವುದೂ ಉಂಟು, ಅದು ಮೂರನೆಯ ದಾರಿ. ಮ್ಯಾಂಟಲ್‌ನಿಂದ ಏರಿದ 1,200 ಡಿಗ್ರಿ ಬಸಾಲ್ಟ್ ಪಾಕ ಭೂಚಿಪ್ಪಿನ ತಳದಲ್ಲಿ ನಿಂತರೆ, 700–850 ಡಿಗ್ರಿಗೇ ಕರಗಬಲ್ಲ ಚಿಪ್ಪಿನ ಕಲ್ಲು ಕರಗುತ್ತದೆ.

ಒಂದು ವಿಷಯ ಮರೆಯಬೇಡ. ಕಲ್ಲು ಸಾಮಾನ್ಯವಾಗಿ ಪೂರ್ತಿ ಕರಗುವುದಿಲ್ಲ. ನಿಮ್ಮ ಪಕ್ಕದ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಹಾಕಿದರೆ ಎಣ್ಣೆ ಬೇರೆ, ಹಿಂಡಿ ಬೇರೆ ಆಗುವ ಹಾಗೆ, ಮ್ಯಾಂಟಲ್ ಕಲ್ಲಿನ ಶೇ. 1ರಿಂದ 20ರಷ್ಟು ಭಾಗ ಮಾತ್ರ ದ್ರವವಾಗಿ ಹೊರಡುತ್ತದೆ. ಆ ದ್ರವದ ರಾಸಾಯನಿಕ ಗುಣವೇ ಬೇರೆ, ಉಳಿದ ಕಲ್ಲಿನದೇ ಬೇರೆ. ಪೆರಿಡೋಟೈಟ್ ಕರಗಿದರೆ ಬಸಾಲ್ಟ್ ಬರುವುದು ಇದೇ ಕಾರಣಕ್ಕೆ. ಕರಗಿದ ಪ್ರಮಾಣ ಕಡಿಮೆಯಾದಷ್ಟೂ ಪೊಟ್ಯಾಷಿಯಂ, ಸೋಡಿಯಂ, ಇಂಗಾಲದ ಡೈಆಕ್ಸೈಡ್ ಆ ಹನಿಯಲ್ಲಿ ಹೆಚ್ಚು ಕೂಡಿಕೊಳ್ಳುತ್ತವೆ.

ಪರೀಕ್ಷೆಯಲ್ಲಿ ಚಿತ್ರ ಬರೆಯುವುದಾದರೆ ಅಡ್ಡಗೆರೆಗೆ ತಾಪ, ಉದ್ದಗೆರೆಗೆ ಕೆಳಮುಖವಾಗಿ ಆಳ ಹಾಕು. ಕರಗುವ ತಾಪದ ರೇಖೆ ಒಂದು, ಏರುವ ಕಲ್ಲಿನ ತಾಪದ ರೇಖೆ ಇನ್ನೊಂದು. ಎರಡನೆಯದು ಬಹುತೇಕ ಲಂಬವಾಗಿರಲಿ. ನೀರಿದ್ದಾಗಿನ ಕರಗುವ ರೇಖೆಯನ್ನು ಎಡಕ್ಕೆ ಚುಕ್ಕಿಗಳಲ್ಲಿ ಎಳೆ. ಒಂದೇ ಚಿತ್ರದಲ್ಲಿ ಎರಡು ದಾರಿಗಳೂ ಕಾಣುತ್ತವೆ.

ಬೋವೆನ್ ಸರಣಿಯ ಪ್ರಕಾರ ಬಸಾಲ್ಟ್ ಪಾಕ ತಣಿಯುತ್ತ ಕೊನೆಗೆ ಗ್ರಾನೈಟ್ ಆಗುತ್ತದೆ ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಹಾಗಾದರೆ ದುರ್ಗದ ಕೋಟೆ ಬೆಟ್ಟದ ಗ್ರಾನೈಟ್, ಜೋಗಿಮಟ್ಟಿ ಕಡೆಯ ಹಳೆಯ ಲಾವಾ ಎರಡೂ ಒಂದೇ ಪಾಕದಿಂದ ಬಂದವೇ?
— ಪ್ರೌಢಶಾಲಾ ವಿಜ್ಞಾನ ಶಿಕ್ಷಕರು, ಹೊಳಲ್ಕೆರೆ

ಸರಣಿ ಸರಿ, ಅದರಿಂದ ಎಳೆದ ತೀರ್ಮಾನ ಮಾತ್ರ ಸರಿಯಲ್ಲ ಮೇಷ್ಟ್ರೇ. ಎನ್. ಎಲ್. ಬೋವೆನ್ ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಕುಲುಮೆಯಲ್ಲಿ ಖನಿಜಗಳನ್ನು ಕರಗಿಸಿ, ತಣಿಸಿ ತೋರಿಸಿಕೊಟ್ಟದ್ದು ಹರಳು ಕಟ್ಟುವ ಕ್ರಮವನ್ನು. ಮೊದಲು ಆಲಿವೀನ್, ಆಮೇಲೆ ಪೈರಾಕ್ಸೀನ್, ಆಂಫಿಬೋಲ್, ಬಯೋಟೈಟ್. ಇದರ ಜೊತೆಜೊತೆಗೆ ಕ್ಯಾಲ್ಸಿಯಂ ಹೆಚ್ಚಿರುವ ಪ್ಲೇಜಿಯೋಕ್ಲೇಸ್‌ನಿಂದ ಸೋಡಿಯಂ ಹೆಚ್ಚಿರುವುದರ ಕಡೆಗೆ. ಕೊನೆಯಲ್ಲಿ ಪೊಟ್ಯಾಷಿಯಂ ಫೆಲ್ಡ್‌ಸ್ಪಾರ್, ಕ್ವಾರ್ಟ್ಜ್. ಮೊದಲು ಕಟ್ಟಿದ ಹರಳು ಪಾಕದಿಂದ ಬೇರ್ಪಟ್ಟರೆ ಉಳಿದ ಪಾಕದಲ್ಲಿ ಸಿಲಿಕಾ, ಅಂದರೆ ಕ್ವಾರ್ಟ್ಜ್ ಯಾವುದರಿಂದ ಆಗಿದೆಯೋ ಆ ವಸ್ತು, ಏರುತ್ತದೆ.

ಆದರೆ ಎಷ್ಟು ಉಳಿಯುತ್ತದೆ ಎಂಬುದನ್ನು ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸಿ. ಬಸಾಲ್ಟ್ ಪಾಕದಲ್ಲಿ ಪೊಟ್ಯಾಷಿಯಂ ಆಕ್ಸೈಡ್ ಶೇ. 0.5 ಇದೆ ಎನ್ನೋಣ. ಮೊದಲ ಹರಳುಗಳು ಪೊಟ್ಯಾಷಿಯಂ ಅನ್ನು ಹತ್ತಿರ ಸೇರಿಸುವುದಿಲ್ಲ, ಅದೆಲ್ಲ ಪಾಕದಲ್ಲೇ ಉಳಿಯುತ್ತದೆ. ಗ್ರಾನೈಟ್‌ನಲ್ಲಿರುವ ಶೇ. 5ಕ್ಕೆ ಅದು ಏರಬೇಕಾದರೆ ಪಾಕ ಹತ್ತನೇ ಒಂದು ಭಾಗಕ್ಕೆ ಇಳಿಯಬೇಕು. ಎಂದರೆ 10 ಘನ ಕಿ.ಮೀ. ಬಸಾಲ್ಟ್‌ಗೆ ಒಂದೇ ಘನ ಕಿ.ಮೀ. ಗ್ರಾನೈಟ್. ರಾಮನಗರದಿಂದ ಮಧುಗಿರಿ, ಪಾವಗಡದ ಮೇಲೆ ಉತ್ತರಕ್ಕೆ ಸಾಗುವ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿಯೊಂದೇ ಸುಮಾರು 400 ಕಿ.ಮೀ. ಉದ್ದವಿದೆ. ಅದಕ್ಕೆ ಹತ್ತುಪಟ್ಟು ಕರಿ ಕಲ್ಲು ಎಲ್ಲಿ? ಹಾಗಾಗಿ ನಮ್ಮ ಗ್ರಾನೈಟ್‌ಗಳಿಗೆ ಮುಖ್ಯ ಮೂಲ ಅವಕ್ಕಿಂತ ಹಳೆಯ ಭೂಚಿಪ್ಪು. ಇಲ್ಲಿನ ಬುನಾದಿಯಾದ, ಒತ್ತಡ ಮತ್ತು ಬಿಸಿಗೆ ಸಿಕ್ಕಿ ಪಟ್ಟೆಪಟ್ಟೆಯಾದ ನೈಸ್ ಶಿಲೆಗಳು 300 ಕೋಟಿ ವರ್ಷ ದಾಟಿದವು. ಚಿತ್ರದುರ್ಗದ ಗ್ರಾನೈಟ್ ಸುಮಾರು 260 ಕೋಟಿ, ಕ್ಲೋಸ್‌ಪೇಟೆ ಗ್ರಾನೈಟ್ ಸುಮಾರು 252 ಕೋಟಿ ವರ್ಷ ಹಿಂದಿನವು. ಆಳದಲ್ಲಿ ಹಳೆಯ ನೈಸ್ ಮತ್ತೆ ಕರಗಿತು, ಕ್ಲೋಸ್‌ಪೇಟೆಯಲ್ಲಿ ಮ್ಯಾಂಟಲ್‌ನಿಂದ ಬಂದ ಪಾಕವೂ ಅದಕ್ಕೆ ಬೆರೆಯಿತು. ಜೋಗಿಮಟ್ಟಿ ಕಡೆಯ ಲಾವಾ ಮ್ಯಾಂಟಲ್‌ನಿಂದಲೇ ಬಂದದ್ದು. ಎರಡಕ್ಕೂ ತಾಯಿ ಬೇರೆ.

ಹರಳು ಬೇರ್ಪಡುವುದನ್ನು ಕಣ್ಣಾರೆ ನೋಡಬೇಕಿದ್ದರೆ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿಗೆ ಹೋಗಿ. ತಾವರೆಕೆರೆ, ಉಬ್ರಾಣಿ ಭಾಗದಲ್ಲಿ ಗ್ಯಾಬ್ರೊ (ಬಸಾಲ್ಟ್ ಬಗೆಯ ಪಾಕ ಆಳದಲ್ಲೇ ಹೆಪ್ಪುಗಟ್ಟಿದ ಕಲ್ಲು) ಶಿಲೆಗಳ ಜೊತೆಗೆ ಟೈಟಾನಿಯಂ, ವನೇಡಿಯಂ ಇರುವ ಮ್ಯಾಗ್ನೆಟೈಟ್ ಅದಿರಿನ ಪದರಗಳಿವೆ. ಕಬ್ಬಿಣ ಹೆಚ್ಚಿದ ಒಣ ಪಾಕದಲ್ಲಿ ತಡವಾಗಿ ಹುಟ್ಟಿದ ಮ್ಯಾಗ್ನೆಟೈಟ್, ನೀರಿಗಿಂತ ಐದುಪಟ್ಟು ತೂಕದ ಖನಿಜ, ಒಂದೆಡೆ ಶೇಖರವಾಗಿ ಪದರವಾಯಿತು. ಕೈಯಲ್ಲಿ ಎತ್ತಿದರೆ ಆ ಕಲ್ಲು ಎಷ್ಟು ಭಾರ ಎನ್ನುವುದೇ ಆ ಬೇರ್ಪಡೆಯ ಸಾಕ್ಷಿ.

ಹರಳು ಎಷ್ಟು ವೇಗದಲ್ಲಿ ಮುಳುಗುತ್ತದೆ? 2 ಮಿ.ಮೀ. ವ್ಯಾಸದ ಆಲಿವೀನ್ ಹರಳು ಬಸಾಲ್ಟ್ ಪಾಕದಲ್ಲಿ ದಿನಕ್ಕೆ ಸುಮಾರು ಒಂದು ಮೀಟರ್ ಇಳಿಯಬಲ್ಲದು. ಅದಕ್ಕಿಂತ ಲಕ್ಷ ಪಟ್ಟು ಅಂಟಾಗಿರುವ ಗ್ರಾನೈಟ್ ಬಗೆಯ ಪಾಕದಲ್ಲಿ ಅದೇ ಹರಳು ವರ್ಷಕ್ಕೆ ಇಳಿಯುವುದು ನಾಲ್ಕು ಮಿಲಿಮೀಟರ್. ಸಿಲಿಕಾ ಹೆಚ್ಚಿರುವ ಪಾಕದಲ್ಲಿ ಹರಳು ಮುಳುಗುವುದಕ್ಕಿಂತ, ಹರಳುಗಳ ರಾಶಿಯ ನಡುವಿನಿಂದ ದ್ರವವೇ ಹಿಂಡಿಕೊಂಡು ಮೇಲೆ ಬರುತ್ತದೆ.

ಇನ್ನೊಂದನ್ನೂ ಮಕ್ಕಳಿಗೆ ಹೇಳಲೇಬೇಕು: ಗ್ರಾನೈಟ್ ಪಾಕ ಏಕೆ ಬಹುಪಾಲು ನೆಲದೊಳಗೇ ನಿಲ್ಲುತ್ತದೆ? ಅದರಲ್ಲಿ ನೀರಿನಂಶ ಹೆಚ್ಚು. ಆಳದಲ್ಲಿ ಆ ನೀರೇ ಅದನ್ನು 650–700 ಡಿಗ್ರಿಯಲ್ಲೂ ದ್ರವವಾಗಿ ಇಟ್ಟಿರುತ್ತದೆ. ಮೇಲೇರುತ್ತ ಒತ್ತಡ ಇಳಿದಾಗ ನೀರು ಗುಳ್ಳೆಯಾಗಿ ಬಿಟ್ಟುಹೋಗುತ್ತದೆ, ಕರಗುವ ತಾಪ ಮೇಲೇರುತ್ತದೆ, ಪಾಕ ಇದ್ದಲ್ಲೇ ಹೆಪ್ಪುಗಟ್ಟುತ್ತದೆ. ಒಣ ಬಸಾಲ್ಟ್‌ಗೆ ಇದರ ಉಲ್ಟಾ, ಮೇಲೇರಿದಷ್ಟೂ ದ್ರವವಾಗಿರುವುದು ಸುಲಭ. ಒಬವ್ವನ ಕಿಂಡಿಯ ಪಕ್ಕದ ಬಂಡೆಯಲ್ಲಿ ಅಕ್ಕಿ ಕಾಳಿನಷ್ಟು ದೊಡ್ಡ ಹರಳು ಕಂಡರೆ, ಆ ಕಲ್ಲು ಹರಳುಗಟ್ಟುವಾಗ ಅದರ ಮೇಲೆ ಹಲವು ಕಿ.ಮೀ. ದಪ್ಪದ ಬೇರೆ ಕಲ್ಲು ಇತ್ತು ಎಂದು ತಿಳಿಯಬೇಕು. ಅದೆಲ್ಲ ಸವೆದುಹೋದ ಮೇಲೆ ಬೆಟ್ಟ ಹೊರಬಿದ್ದಿದೆ.

ಐಮಂಗಲದ ಹತ್ತಿರದ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ನೋಡಿದೆವು. ಅಲ್ಲಿ ಹಿಂದೆ ಸಮುದ್ರವಿತ್ತು ಎಂದು ಹೇಳಿದರು. ನಿಜವೇ? ಆಗಲೂ ಈಗಿನ ಹಾಗೆ ಭೂಫಲಕಗಳಿದ್ದವೇ?
— ಓದುಗರು, ಚಿತ್ರದುರ್ಗ

ನೀರಿತ್ತು ಎನ್ನುವುದು ಖಚಿತ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಆ ಜಾಗವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿರುವುದು ಸುಮ್ಮನೆ ಅಲ್ಲ. ಸುಮಾರು 1,200 ಡಿಗ್ರಿಯ ಬಸಾಲ್ಟ್ ನೀರಿಗೆ ತಾಗಿದ ಕೂಡಲೇ ಹೊರಮೈ ಗಾಜಾಗುತ್ತದೆ, ಒಳಗಿನ ದ್ರವ ಆ ಗಾಜನ್ನು ಸೀಳಿ ಪಕ್ಕದಲ್ಲಿ ಇನ್ನೊಂದು ಉಬ್ಬಾಗಿ ಹೊರಬರುತ್ತದೆ. ಹೀಗೆ ಒಂದರ ಮೇಲೊಂದು ಪೇರಿಸಿಕೊಳ್ಳುತ್ತವೆ.

ಮತ್ತೆ ಹೋದಾಗ ಒಂದೇ ದಿಂಬಿನ ಮುಂದೆ ಕೂತು ನೋಡಿ. ಅಂಚಿನಲ್ಲಿ ಬೆರಳಗಲದ, ನುಣುಪಾದ, ಬಣ್ಣ ಬದಲಾದ ಪಟ್ಟಿ ಇರುತ್ತದೆ. ಗಾಜಾಗಿದ್ದ ಹೊರಮೈ ಅದು. ಒಳಕ್ಕೆ ಸರಿದಂತೆ ಹರಳು ಸ್ವಲ್ಪ ದಪ್ಪವಾಗುತ್ತದೆ. ಅಲ್ಲಲ್ಲಿ ಬಿಳಿ ಚುಕ್ಕೆಗಳಿದ್ದರೆ ಅವು ಅನಿಲದ ಗುಳ್ಳೆಗಳು, ಆಮೇಲೆ ಸುಣ್ಣದ ಖನಿಜವೋ ಕ್ವಾರ್ಟ್ಜೋ ತುಂಬಿಕೊಂಡವು. ಮೇಲಿನ ದಿಂಬು ಬಿಸಿಯಿರುವಾಗಲೇ ಕೆಳಗಿನ ಎರಡರ ಸಂದಿಗೆ ಜಗ್ಗಿ ಮೂರು ಮೂಲೆಯ ಬಾಲ ಮಾಡಿಕೊಂಡಿರುತ್ತದೆ. ಬಾಲ ತೋರಿಸುವ ಕಡೆ ಅಂದಿನ ಕೆಳಗು, ಉಬ್ಬಿದ ಬೆನ್ನು ಇರುವ ಕಡೆ ಅಂದಿನ ಮೇಲು. ಪದರಗಳು ಮಗುಚಿಬಿದ್ದಿವೆಯೇ ಎಂದು ಹೇಳಲು ನಮಗೆ ಇದು ಬಹಳ ಬೆಲೆಯ ಗುರುತು. ಆದರೆ ಚಪ್ಪಟೆಯಾಗಿ ಎಳೆದುಹೋದ ದಿಂಬುಗಳಲ್ಲಿ ಬಾಲ ನೋಡಿ ದಿಕ್ಕು ಹೇಳಬಾರದು, ಒತ್ತಡವೇ ಅಂಥ ಬಾಲಗಳನ್ನು ಹುಟ್ಟಿಸುತ್ತದೆ. ಕಲ್ಲು ಹಸಿರಾಗಿರುವುದು ಹುಟ್ಟಿನ ಬಣ್ಣವಲ್ಲ. ನಂತರದ ಕಾಲದಲ್ಲಿ ಹೂತು, ಬಿಸಿಯಾಗಿ, ಕ್ಲೋರೈಟ್, ಎಪಿಡೋಟ್ ಬೆಳೆದು ಬಂದದ್ದು. ದಯವಿಟ್ಟು ಸುತ್ತಿಗೆ ಮಾತ್ರ ತೆಗೆದುಕೊಂಡು ಹೋಗಬೇಡಿ. ಅಲ್ಲಿನ ಒಂದು ಚೂರೂ ಮತ್ತೆ ಹುಟ್ಟುವುದಿಲ್ಲ.

ದಿಂಬು ನೀರನ್ನು ಹೇಳುತ್ತದೆ, ಸಾಗರವನ್ನಲ್ಲ. ಕೆರೆಗೆ ಬಿದ್ದ ಲಾವಾ ಕೂಡ ದಿಂಬಾಗುತ್ತದೆ. ಚಿತ್ರದುರ್ಗದ ಪಟ್ಟಿಯಲ್ಲಿ ಇದರ ಜೊತೆಗೆ ಪಟ್ಟೆಪಟ್ಟೆಯ ಕಬ್ಬಿಣದ ಶಿಲೆ, ಮರಳು–ಕೆಸರಿನ ಶಿಲೆಗಳು ಇರುವುದರಿಂದ ಸಮುದ್ರ ಎನ್ನುತ್ತೇವೆ. ಅದು ಯಾವ ಬಗೆಯ ಸಮುದ್ರ ಎನ್ನುವುದೇ ಚರ್ಚೆ. ಫಲಕ ಒಳನುಗ್ಗುವ ಜಾಗದ ಪಾಕದಲ್ಲಿ ನಯೋಬಿಯಂ, ಟ್ಯಾಂಟಲಂ, ಟೈಟಾನಿಯಂ ಕೊರತೆಯಿರುತ್ತದೆ, ಬೇರಿಯಂ, ಸ್ಟ್ರಾನ್ಶಿಯಂ ಹೆಚ್ಚಿರುತ್ತದೆ, ಏಕೆಂದರೆ ನೀರು ಎರಡನೆಯ ಗುಂಪನ್ನು ಹೊತ್ತು ತರುತ್ತದೆ, ಮೊದಲನೆಯದನ್ನು ಬಿಟ್ಟು ಬರುತ್ತದೆ. ಹಳೆಯ ಲಾವಾದಲ್ಲಿ ನಯೋಬಿಯಂ ಕೊರತೆ ಕಂಡ ಕೂಡಲೇ ‘ಇಲ್ಲಿ ಫಲಕ ಒಳನುಗ್ಗಿತ್ತು’ ಎಂದು ಬರೆದುಬಿಡುವುದುಂಟು. ಅದು ಆತುರದ ಮಾತು. ಮ್ಯಾಂಟಲ್ ಪಾಕ ಮೇಲೇರುವಾಗ ಹಳೆಯ ನೈಸ್ ಅನ್ನು ಒಂದಿಷ್ಟು ಕರಗಿಸಿಕೊಂಡರೂ ಅದೇ ಗುರುತು ಬರುತ್ತದೆ, ಏಕೆಂದರೆ ನೈಸ್‌ನಲ್ಲೂ ಆ ಕೊರತೆ ಇದೆ. ಒಂದೇ ಲಾವಾದ ಹಲವು ಮಾದರಿ ತೆಗೆದು, ಸಿಲಿಕಾ ಏರಿದಂತೆ ನಯೋಬಿಯಂ ಕೊರತೆಯೂ ಏರುತ್ತದೆಯೇ ಎಂದು ನೋಡಬೇಕು. ಏರಿದರೆ ಕಲಬೆರಕೆಯ ಅನುಮಾನ ಬಲವಾಗುತ್ತದೆ. ನಿಯೋಡಿಮಿಯಂ ಐಸೊಟೋಪ್‌ಗಳನ್ನೂ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳನ್ನು) ನೋಡದೆ ತೀರ್ಪು ಕೊಡಬಾರದು.

ಆ ಕಾಲದ ಭೂಮಿ ಈಗಿಗಿಂತ ಬಿಸಿಯಾಗಿತ್ತು ಎನ್ನುವುದಕ್ಕೆ ನಿಮ್ಮ ಜಿಲ್ಲೆಯಲ್ಲೇ ಪುರಾವೆ ಇದೆ. ಗಟ್ಟಿಹೊಸಹಳ್ಳಿಯಲ್ಲಿ ಕೊಮಾಟಿಯೈಟ್ ಎಂಬ ಲಾವಾ ಸಿಕ್ಕಿದೆ. ದಕ್ಷಿಣ ಆಫ್ರಿಕಾದ ಕೊಮಾಟಿ ನದಿಯ ಹೆಸರು ಇಟ್ಟ ಈ ಕಲ್ಲಿನಲ್ಲಿ ಮೆಗ್ನೀಷಿಯಂ ಆಕ್ಸೈಡ್ ಶೇ. 18ಕ್ಕಿಂತ ಹೆಚ್ಚು. ಅಂಥ ಪಾಕ ಹೊರಬರಲು 1,600 ಡಿಗ್ರಿ ಹತ್ತಿರದ ಬಿಸಿ ಬೇಕಿತ್ತು. ಇಂದಿನ ಯಾವ ಜ್ವಾಲಾಮುಖಿಯೂ ಅಷ್ಟು ಬಿಸಿಯ ಲಾವಾ ಕೊಡುವುದಿಲ್ಲ. ತಟ್ಟನೆ ತಣಿದು ಬೆಳೆದ ಆಲಿವೀನ್ ಹರಳುಗಳು ಹುಲ್ಲಿನ ಎಸಳಿನಂತೆ ಉದ್ದುದ್ದ ಇರುವುದೇ ಇದರ ಗುರುತು. ನಮ್ಮ ಹಳೆಯ ನೈಸ್‌ಗಳೂ ಅದೇ ಕಾಲದ ಕಥೆ ಹೇಳುತ್ತವೆ: ನೀರು ಹೀರಿದ ಬಸಾಲ್ಟ್ ಆಳದಲ್ಲಿ, ಗಾರ್ನೆಟ್ ಉಳಿಯುವಷ್ಟು ಒತ್ತಡದಲ್ಲಿ, ತಾನೇ ಕರಗಿ ಕೊಟ್ಟ ಪಾಕದಿಂದ ಹುಟ್ಟಿದವು ಅವು. ಇಂದು ಹಾಗೆ ಬಸಾಲ್ಟ್ ಕರಗುವುದು ತೀರ ಎಳೆಯ, ಇನ್ನೂ ಬಿಸಿಯಿರುವ ಫಲಕ ಒಳನುಗ್ಗುವ ಕೆಲವೇ ಜಾಗಗಳಲ್ಲಿ.

ಹವಾಯಿಯಲ್ಲಿ ಲಾವಾ ಹೊಳೆಯಂತೆ ಹರಿಯುತ್ತದೆ, ಇಂಡೋನೇಷ್ಯಾದಲ್ಲಿ ಬೆಟ್ಟವೇ ಸಿಡಿಯುತ್ತದೆ. ಪಾಕ ಒಂದೇ ಅಲ್ಲವೇ?
— ಓದುಗರು, ದಾವಣಗೆರೆ

ಅಲ್ಲ. ಸಿಲಿಕಾ ಎಷ್ಟು, ನೀರು ಎಷ್ಟು ಎನ್ನುವುದರ ಮೇಲೆ ಎಲ್ಲ ನಿಂತಿದೆ. ಹವಾಯಿ ಫಲಕದ ಅಂಚಿನಲ್ಲಿಲ್ಲ, ಆಳದಿಂದ ಏರುವ ಬಿಸಿ ಕಂಬದ ಮೇಲಿದೆ. ಅಲ್ಲಿನ ಬಸಾಲ್ಟ್‌ನಲ್ಲಿ ಸಿಲಿಕಾ ಶೇ. 50ರ ಆಸುಪಾಸು, ನೀರು ಶೇ. 1ಕ್ಕಿಂತ ಕಡಿಮೆ, ಬಿಸಿ 1,150 ಡಿಗ್ರಿಗೂ ಮಿಕ್ಕು. ಗುಳ್ಳೆ ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ. ಇಂಡೋನೇಷ್ಯಾದಲ್ಲಿ ಫಲಕ ಒಳನುಗ್ಗುವುದರಿಂದ ಪಾಕದಲ್ಲಿ ನೀರು ಶೇ. 4–6ರವರೆಗೆ ಇರಬಹುದು. ಭೂಚಿಪ್ಪಿನೊಳಗೆ ನಿಂತು ಹರಳು ಕಟ್ಟಿ, ಅಕ್ಕಪಕ್ಕದ ಕಲ್ಲು ಕರಗಿಸಿಕೊಂಡು, ಸಿಲಿಕಾ ಶೇ. 60 ದಾಟಿದ ಅಂಟು ಪಾಕವಾಗುತ್ತದೆ. ಒತ್ತಡ ಇಳಿದಾಗ ಗುಳ್ಳೆ ಹುಟ್ಟುತ್ತದೆ, ಹೊರಬರಲು ದಾರಿಯಿಲ್ಲ, ಪಾಕವೇ ಚೂರುಚೂರಾಗಿ ಬೂದಿಯಾಗಿ ಹಾರುತ್ತದೆ.

ಹಾಗೆಂದು ‘ಫಲಕ ಒಳನುಗ್ಗುವಲ್ಲಿ ಆಂಡಿಸೈಟ್’ ಎಂದು ಬಾಯಿಪಾಠ ಮಾಡಬೇಡಿ (ಬಸಾಲ್ಟ್‌ಗಿಂತ ಸಿಲಿಕಾ ಹೆಚ್ಚಿರುವ ಲಾವಾ ಕಲ್ಲು ಆಂಡಿಸೈಟ್, ಇನ್ನೂ ಹೆಚ್ಚಿದ್ದರೆ ಡೇಸೈಟ್). ಅಂಡಮಾನಿನ ಒಂದೇ ಸಾಲಿನಲ್ಲಿ ಬ್ಯಾರನ್ ದ್ವೀಪ ಹೆಚ್ಚಾಗಿ ಬಸಾಲ್ಟ್ ಕೊಟ್ಟಿದೆ, ನಾರ್ಕೊಂಡಂ ಆಂಡಿಸೈಟ್, ಡೇಸೈಟ್ ಕೊಟ್ಟಿದೆ. ಪಾಕ ದಾರಿಯಲ್ಲಿ ಎಲ್ಲಿ, ಎಷ್ಟು ಹೊತ್ತು ನಿಂತಿತು ಎನ್ನುವುದೂ ಅಷ್ಟೇ ಮುಖ್ಯ. ಪೂರ್ವ ಆಫ್ರಿಕಾದ ಬಿರುಕು ಕಣಿವೆಯಲ್ಲಿ ಮ್ಯಾಂಟಲ್ ತೀರ ಅಲ್ಪ ಪ್ರಮಾಣದಲ್ಲಿ ಕರಗುವುದರಿಂದ ಸೋಡಿಯಂ, ಪೊಟ್ಯಾಷಿಯಂ, ಕಾರ್ಬೊನೇಟ್ ಹೆಚ್ಚಿರುವ ಪಾಕಗಳು ಬರುತ್ತವೆ. ತಾಂಜಾನಿಯಾದ ಓಲ್ ಡೊಯಿನ್ಯೊ ಲೆಂಗಾಯ್ ಕಕ್ಕುವ ಕಾರ್ಬೊನೇಟ್ ಲಾವಾದ ಬಿಸಿ 500–600 ಡಿಗ್ರಿ ಮಾತ್ರ, ಎಣ್ಣೆಯಷ್ಟು ತೆಳು. ಹಿಮಾಲಯದಲ್ಲಿ ಜ್ವಾಲಾಮುಖಿಯೇ ಇಲ್ಲ. ಎರಡು ಖಂಡ ಡಿಕ್ಕಿಯಾಗಿ ದಪ್ಪಗಾದ ಚಿಪ್ಪಿನೊಳಗೆ ಅಭ್ರಕ ಒಡೆದು ನೀರು ಬಿಟ್ಟು ಬಿಳಿ ಗ್ರಾನೈಟ್ ಹುಟ್ಟಿ ಅಲ್ಲೇ ನಿಂತಿದೆ.

ದುರ್ಗದಲ್ಲಿ ಮತ್ತೆ ಜ್ವಾಲಾಮುಖಿ ಎದ್ದರೆ?
— ಎಂಟನೇ ತರಗತಿ ವಿದ್ಯಾರ್ಥಿ, ಚಿತ್ರದುರ್ಗ

ಏಳುವುದಿಲ್ಲ, ಹೆದರಬೇಡಪ್ಪ. ಹತ್ತಿರದಲ್ಲಿ ಫಲಕದ ಅಂಚಿಲ್ಲ, ಕೆಳಗೆ ಬಿಸಿ ಕಂಬವಿಲ್ಲ, ಮೇಲಾಗಿ ನಮ್ಮ ನೆಲ ದಪ್ಪ, ಹಳೆಯದು, ತಣ್ಣನೆಯದು. ಬೀದರ್, ಕಲಬುರಗಿ, ಬೆಳಗಾವಿ ಕಡೆ ಹರಡಿರುವ ಡೆಕ್ಕನ್ ಲಾವಾ 6.6 ಕೋಟಿ ವರ್ಷ ಹಿಂದಿನದು. ಅದನ್ನು ಹುಟ್ಟಿಸಿದ ಬಿಸಿ ಕಂಬ ಈಗ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕೆಳಗಿದೆ. ನಮ್ಮ ಫಲಕ ಉತ್ತರಕ್ಕೆ ಸರಿದು ಬಂದಿದೆ.

ಬೋರ್ ಹಾಕಿಸುವಾಗ 120 ಅಡಿಗೆ ಕರಿ ಪುಡಿ ಬರಲು ಶುರುವಾಯಿತು. 400 ಅಡಿ ಹೋದರೂ ಕರಿ ಪುಡಿಯೇ, ನೀರಿಲ್ಲ. ಇನ್ನೂ ಕೊರೆದರೆ ಬಿಳಿ ಕಲ್ಲು ಸಿಗುತ್ತೆ ಅಂತಾರೆ ಗಾಡಿಯವರು. ಮುಂದುವರಿಸಲಾ?
— ತೆಂಗು ಬೆಳೆಗಾರರು, ಹಿರಿಯೂರು ತಾಲ್ಲೂಕು

ಮುಂದುವರಿಸುವ ಮುಂಚೆ ಹೊಲದಲ್ಲಿ ಓಡಾಡಿ ನೋಡಿ. ಕರಿ ಗುಂಡುಕಲ್ಲುಗಳು ಒಂದೇ ಸಾಲಿನಲ್ಲಿ, ಹೊಲದಿಂದ ಹೊಲಕ್ಕೆ ನೇರವಾಗಿ ಸಾಗಿದ್ದರೆ ಅದು ಡೈಕ್. ಬಸಾಲ್ಟ್ ಪಾಕ ನೆಟ್ಟಗಿನ ಬಿರುಕಿಗೆ ನುಗ್ಗಿ ಹೆಪ್ಪುಗಟ್ಟಿದ ಗೋಡೆ. ಕಲ್ಲಿನ ಹೆಸರು ಡಾಲರೈಟ್, ವ್ಯಾಪಾರದಲ್ಲಿ ಬ್ಲ್ಯಾಕ್ ಗ್ರಾನೈಟ್ ಎನ್ನುತ್ತಾರೆ. 10 ಮೀಟರ್ ಅಗಲದ ಡೈಕ್ ಗಟ್ಟಿಯಾಗಲು ಹೆಚ್ಚೆಂದರೆ ವರ್ಷದ ಲೆಕ್ಕ. ಹಾಗಾಗಿ ಹರಳು ಸಣ್ಣ, ಕಲ್ಲು ಬಿಗಿ, ನೀರು ನಿಲ್ಲುವ ಬಿರುಕು ಕಡಿಮೆ.

ಗಾಡಿಯವರ ಮಾತಿನ ತೊಡಕು ಇಲ್ಲಿದೆ. ಡೈಕ್ ಬಹುತೇಕ ನೆಟ್ಟಗಿರುತ್ತದೆ, ನಿಮ್ಮ ಬೋರ್ ಕೂಡ ನೆಟ್ಟಗೇ ಇಳಿಯುತ್ತದೆ. 20 ಮೀಟರ್ ಅಗಲದ ಡೈಕಿನ ನಡುಮಧ್ಯೆ ನೀವಿದ್ದೀರಿ ಎನ್ನಿ. ಅದು ನೆಟ್ಟಗಿನಿಂದ 10 ಡಿಗ್ರಿ ವಾಲಿದ್ದರೆ 57 ಮೀಟರ್, ಅಂದರೆ 187 ಅಡಿಗೆ ಹೊರಬೀಳುತ್ತೀರಿ. 2 ಡಿಗ್ರಿಯಷ್ಟೇ ವಾಲಿದ್ದರೆ 286 ಮೀಟರ್, ಸುಮಾರು 940 ಅಡಿ ಬೇಕು. 120ರಿಂದ 400 ಅಡಿಯವರೆಗೆ ಒಂದೇ ಕರಿ ಪುಡಿ ಬಂದಿದೆ ಎಂದರೆ ನಿಮ್ಮದು ಎರಡನೆಯ ಬಗೆಗೇ ಹತ್ತಿರ. ನಿಲ್ಲಿಸಿ. ಆ ದುಡ್ಡು ಹೊಸ ಪಾಯಿಂಟಿಗೆ ಇಡಿ.

ಹೊಸ ಪಾಯಿಂಟ್ ಡೈಕಿನ ಮೇಲ್ಬದಿಗೆ, ಅಂದರೆ ನೆಲ ಎತ್ತರವಿರುವ ಕಡೆಗೆ ಇರಲಿ. ಇಳಿಜಾರಿನಲ್ಲಿ ಹರಿದು ಬರುವ ಅಂತರ್ಜಲವನ್ನು ಡೈಕ್ ಅಡ್ಡಗಟ್ಟಿ ನಿಲ್ಲಿಸುತ್ತದೆ. ಡೈಕಿನ ಎರಡೂ ಅಂಚನ್ನು ಗೂಟ ಹೊಡೆದು ಗುರುತಿಸಿ, ಅಂಚಿನ ಪಕ್ಕದ ಒಡೆದ ಬಿಳಿ ಕಲ್ಲಿಗೆ ತಾಗುವಂತೆ ಜಾಗ ಆರಿಸಿ. ಡೈಕ್ ಯಾವ ಕಡೆ ವಾಲಿದೆ ಎಂದು ತಿಳಿಯದೆ ಅಂಚಿಗೆ ತೀರ ಒತ್ತಿ ಹಾಕಿಸಿದರೆ ಕೆಳಗೆ ಮತ್ತೆ ಕರಿ ಕಲ್ಲಿಗೇ ಬೀಳಬಹುದು. ಹಳೆಯ ಬಾವಿಯಲ್ಲಿ ಅಂಚು ಕಾಣುತ್ತಿದ್ದರೆ ಅಲ್ಲಿ ವಾಲಿಕೆ ಅಳೆಯಿರಿ. ಡೈಕ್ ಅಲ್ಲದೆ ಅಗಲವಾದ ಕರಿ ಹಸಿರು ಕಲ್ಲಿನ ಪಟ್ಟಿಯಲ್ಲಿ ನಿಮ್ಮ ಹೊಲವಿದ್ದರೆ ಈ ಲೆಕ್ಕ ಹೊಂದುವುದಿಲ್ಲ. ಅದು ಹಳೆಯ ಲಾವಾ ಪದರ, ಅಲ್ಲಿ ಭೂವಿಜ್ಞಾನಿಯಿಂದ ವಿದ್ಯುತ್ ನಿರೋಧದ ಪರೀಕ್ಷೆ ಮಾಡಿಸಿಯೇ ಮುಂದುವರಿಯಿರಿ.

ವಿಜ್ಞಾನ ಮೇಳಕ್ಕೆ ಊರಿನ ಕಲ್ಲುಗಳ ಮಾದರಿ ಇಡಬೇಕು. ಪ್ರಯೋಗಾಲಯವಿಲ್ಲದೆ ಕರಿ ಕಲ್ಲು, ಬಿಳಿ ಕಲ್ಲುಗಳ ವ್ಯತ್ಯಾಸವನ್ನು ಅಂಕಿಯಲ್ಲಿ ತೋರಿಸಬಹುದೇ?
— ಶಿಕ್ಷಕಿ, ಚನ್ನಗಿರಿ

ತೋರಿಸಬಹುದು ಮೇಡಂ, ತೂಕದ ಸ್ಪ್ರಿಂಗ್ ತಕ್ಕಡಿ, ದಾರ, ಬಕೆಟ್ ನೀರು ಸಾಕು. ಕಲ್ಲನ್ನು ಗಾಳಿಯಲ್ಲಿ ತೂಗಿ, ಆಮೇಲೆ ನೀರಿನಲ್ಲಿ ಪೂರ್ತಿ ಮುಳುಗಿಸಿ, ತಳ ತಾಗದಂತೆ ತೂಗಿಹಾಕಿ ಇನ್ನೊಮ್ಮೆ ತೂಗಿ. ಗಾಳಿಯಲ್ಲಿ ತೂಗಿದಾಗಿನ ತೂಕವನ್ನು ಎರಡು ತೂಕಗಳ ವ್ಯತ್ಯಾಸದಿಂದ ಭಾಗಿಸಿದರೆ ಸಾಂದ್ರತೆ. 500 ಗ್ರಾಂ ಗ್ರಾನೈಟ್ ನೀರಿನಲ್ಲಿ ಸುಮಾರು 311 ಗ್ರಾಂ ತೂಗುತ್ತದೆ, ಉತ್ತರ 2.65. ಅಷ್ಟೇ ತೂಕದ ಡಾಲರೈಟ್ 333 ಗ್ರಾಂ ತೂಗುತ್ತದೆ, ಉತ್ತರ 3.0. ಕಬ್ಬಿಣ, ಮೆಗ್ನೀಷಿಯಂ ಹೆಚ್ಚಿರುವ ಖನಿಜಗಳು ತೂಕ ಕೂಡಿಸುತ್ತವೆ. ನಿಮ್ಮ ತಾಲ್ಲೂಕಿನ ಮ್ಯಾಗ್ನೆಟೈಟ್ ಅದಿರು ಸಿಕ್ಕರೆ ಅದನ್ನೂ ಇಡಿ, 4ರ ಮೇಲೆ ಹೋಗುತ್ತದೆ, ಅಯಸ್ಕಾಂತಕ್ಕೂ ಗಟ್ಟಿಯಾಗಿ ಅಂಟುತ್ತದೆ.

ಮಕ್ಕಳು ಎಡವುವುದು ಮೂರು ಕಡೆ. ಬಿಸಿಲು–ಮಳೆಗೆ ಪುಡಿಯಾದ ಹೊರಮೈ ಇರುವ ಕಲ್ಲು ತಂದರೆ ಸಾಂದ್ರತೆ ಕಡಿಮೆ ಬರುತ್ತದೆ, ಹಾಗಾಗಿ ಒಡೆದು ತಾಜಾ ಮುಖ ಇರುವ ಚೂರನ್ನೇ ಆರಿಸಿ. ಮುಳುಗಿಸಿದ ಮೇಲೆ ಮೈಗೆ ಅಂಟಿದ ಗಾಳಿಗುಳ್ಳೆಗಳನ್ನು ಬೆರಳಿನಿಂದ ಉಜ್ಜಿ ಬಿಡಿಸದಿದ್ದರೂ ಅಷ್ಟೇ. ಇನ್ನು 10 ಗ್ರಾಂ ಗೆರೆಗಳ ತಕ್ಕಡಿಯಲ್ಲಿ 500 ಗ್ರಾಂ ಕಲ್ಲು ತೂಗಿದರೆ ಉತ್ತರ 2.5ರಿಂದ 2.8ರವರೆಗೆ ಎಲ್ಲಿ ಬೇಕಾದರೂ ಬರಬಹುದು. ಅಂಥ ತಕ್ಕಡಿಯಾದರೆ ಎರಡು ಕಿಲೋ ಕಲ್ಲು ತೆಗೆದುಕೊಳ್ಳಿ. ಬರೀ ಬಿಳಿ ಕ್ವಾರ್ಟ್ಜ್ ಕಲ್ಲಿಗೂ 2.65 ಬರುತ್ತದೆ. ಅದು ಗ್ರಾನೈಟ್ ಅಲ್ಲ ಎಂದು ಹೇಳಲು ಸಾಂದ್ರತೆ ಸಾಲದು, ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ಚಪ್ಪಟೆ ಮುಖದ ಫೆಲ್ಡ್‌ಸ್ಪಾರ್ ಇದೆಯೇ, ಕರಿ ಅಭ್ರಕದ ಹೊಳೆಯುವ ರೆಕ್ಕೆಗಳಿವೆಯೇ ಎಂದು ಹುಡುಕಬೇಕು.